‘ಆನ್ವೀ’ ಶಬ್ದದ ಅರ್ಥವಿಚಾರ

ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಶಬ್ದಗಳನ್ನು ತರುವಾಗ ಹೆಚ್ಚಿನ ತೊಡಕನ್ನುಂಟುಮಾಡುವವು ಅಪೂರ್ವ ವಸ್ತುಗಳ ಹೆಸರುಗಳಲ್ಲ. ಕಾಣದ ಹಣ್ಣಿನ ಹೆಸರನ್ನಾಗಲಿ ಕೇಳದ ವಾದ್ಯದ ಹೆಸರನ್ನಾಗಲಿ ಇದ್ದಂತೆಯೇ ಇಟ್ಟುಕೊಂಡು ಒಂದೆರಡು ಮಾತಿನ ವಿವರಣೆ ಕೊಟ್ಟರೆ ಸಾಕು, ವಾಚಕರಿಗೆ ತೃಪ್ತಿಯಾಗುತ್ತದೆ. ನಿಜವಾದ ಕಷ್ಟವಿರುವುದು ಎಲ್ಲ ಜನರೂ ಅನುಭವಿಸುವ, ಎಲ್ಲ ಭಾಷೆಗಳಲ್ಲಿಯೂ ಹೆಸರುಳ್ಳ, ಆದರೆ ಒಂದೊಂದು ಭಾಷೆಯೂ ತನಗೆ ಬೇಕಾದಂತೆ ಎಲ್ಲೆ ಹಾಕಿಕೊಂಡಿರುವ ಭಾವಗಳ ವಿಷಯದಲ್ಲಿ. ದಣಿವು, ಬಳಲಿಕೆ, ಬೇಸರ ಎಂಬ ಭಾವಗಳು ಇಂಥವು. ಇಂಗ್ಲಿಷಿನಲ್ಲಿ ಈ ವರ್ಗಕ್ಕೆ ಸೇರಿದ ‘ಆನ್ವೀ’ ಎಂಬ ಒಂದು ಶಬ್ದವುಂಟು. ಕನ್ನಡದ ಭಾಷಾಂತರಕಾರರೂ ವಿಮರ್ಶಕರೂ ಈ ಶಬ್ದವನ್ನು ಒಮ್ಮೆ ‘ದಣಿವು’ ಎಂದೂ ಇನ್ನೊಮ್ಮೆ ‘ನಿರ್ವೇದ’ ಎಂದೂ ತಿರುಗಿಸಿಬಿಡುವುದುಂಟು. ಇವೆರಡೂ ಸರಿಯಲ್ಲವೆಂಬುದನ್ನೂ, ಸರಿಯಾದ ಶಬ್ದವು ಕನ್ನಡದ ಮನೆಮಾತಿನಲ್ಲಿಯೇ ಇದೆಯೆಂಬುದನ್ನೂ ಇಲ್ಲಿ ಪರ್ಯಾಲೋಚಿಸಬಹುದು.

ಮೊದಲು ಇಂಗ್ಲಿಷಿನ ನೆರೆಹೊರೆಯ ಶಬ್ದಗಳನ್ನು ಬೇರ್ಪಡಿಸಿ ನೋಡಬೇಕು. ‘ವಿಯರಿನೆಸ್’ ಎಂಬುದು ಆ ಭಾಷೆಯ ಸ್ವಂತ ಶಬ್ದ. ಮೈಯ ದಣಿವಿಗೂ ಮನಸ್ಸಿನ ಸಾಕೆನಿಸುವಿಕೆಗೂ ಅದು ಸಮನಾಗಿ ಸಲ್ಲುತ್ತದೆ. ‘ಫಟೀಗ್’ ಎಂಬುದು ಲ್ಯಾಟಿನ್ ಮೂಲದಿಂದ ಫ್ರೆಂಚಿನ ಮೂಲಕ ಬಂದದ್ದು. ಶ್ರಮದಿಂದ ಶಕ್ತಿ ಕುಂದಿತೆಂಬ ಕಾರ್ಯಕಾರಣಸಂಬಂಧ ಅದರಲ್ಲಿ ಮುಖ್ಯ. ‘ಲ್ಯಾಸಿಟ್ಯೂಡ್’ ಎಂದರೆ ಅಂಗಾಂಗಗಳು ಸಡಿಲಗೊಂಡಂತಾಗುವ ಬಳಲಿಕೆ. ಜ್ವರ ಬಿಟ್ಟವನಲ್ಲಿ ಕಾಣುವುದು ಇದೇ. ‘ಟೀಡಿಯಂ’ ಎಂಬುದು ಮನುಷ್ಯನಿಗಿಂತ ಹೆಚ್ಚಾಗಿ ವಸ್ತುವಿನ ಗುಣ: ಉದ್ದವಾದ ಭಾಷಣದಲ್ಲಿ, ಮುಗಿಯದ ಲೆಕ್ಕದ ಪುಸ್ತಕದಲ್ಲಿ ಅದು ನೆಲಸಿರುತ್ತದೆ. ಇವುಗಳಲ್ಲಿ ಯಾವುದೂ ‘ಆನ್ವೀ’ ಅಲ್ಲ. ದುಡಿಯದೆ ಇದ್ದರೂ ಬರುವ, ರೋಗವಿಲ್ಲದಿದ್ದರೂ ಬಿಡದ, ಇಂಥ ವಸ್ತುವಿನಿಂದಲೇ ಎಂದು ಬೆರಳಿಟ್ಟು ತೋರಿಸಲಾಗದ ಮನಸ್ಸಿನ ಬಳಲಿಕೆಗೆ ಆ ಹೆಸರು. ಬಹುಕಾಲ ಬಾಗಿಸಿ ಬಾಗಿಸಿ ಲೋಹದ ಕಂಬಿಯೂ ‘ಫಟೀಗ್’ಗೆ ಒಳಗಾಗಿ ಮುರಿಯುವುದೆಂದು ಯಂತ್ರಶಾಸ್ತ್ರಜ್ಞರು ಹೇಳುತ್ತಾರೆ, ಆದರೆ ಲೋಹಕ್ಕೆ ‘ಆನ್ವೀ’ ಬರಲಾರದು. ಬೇರೆ ಬಗೆಯ ಬದುಕನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಲ್ಲ ಪ್ರಾಣಿಗೆ ಮಾತ್ರ ಅದು ಸಾಧ್ಯ.

ಶಬ್ದದ ಹುಟ್ಟನ್ನು ನೋಡಿದರೆ ಒಂದು ವಿಚಿತ್ರ ತಿಳಿದುಬರುತ್ತದೆ. ‘ಹೇಯವಾಗಿದೆ’, ‘ದ್ವೇಷಕ್ಕೆ ಪಾತ್ರವಾಗಿದೆ’ ಎಂಬರ್ಥದ ‘ಇನ್ ಓಡಿಯೋ’ ಎಂಬ ಲ್ಯಾಟಿನ್ ಪದಗುಚ್ಛವೇ ಇದರ ಮೂಲ. ಅದರಿಂದ ಹಳೆಯ ಫ್ರೆಂಚಿನಲ್ಲಿ ಒಂದು ಕ್ರಿಯಾಪದವೂ ಒಂದು ನಾಮಪದವೂ ಹುಟ್ಟಿದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚಿನ ಶಬ್ದಗಳು ತಂಡತಂಡವಾಗಿ ಇಂಗ್ಲಿಷಿಗೆ ಇಳಿದುಬಂದಷ್ಟೆ. ಆ ಕಾಲದಲ್ಲಿ ಈ ಮೂಲವು ‘ಅನಾಯ್’ ಎಂಬ ರೂಪದಲ್ಲಿ ಅಲ್ಲಿ ನೆಲೆಗೊಂಡು, ಪೀಡಿಸು, ರೇಗಿಸು ಎಂಬ ಅರ್ಥವನ್ನು ಪಡೆಯಿತು. ಅದೇ ಶಬ್ದ ಫ್ರಾನ್ಸಿನಲ್ಲಿ ಬೇರೆ ದಾರಿ ಹಿಡಿದು, ಮೃದುವಾಗಿ, ಒಳಮುಖವಾಗಿ, 17ನೆಯ ಶತಮಾನದ ಉತ್ತರಾರ್ಧದಲ್ಲಿ ‘ಆನ್ವೀ’ ಎಂಬ ಎರಡನೆಯ ವೇಷದಲ್ಲಿ ಇಂಗ್ಲಿಷಿಗೆ ಪುನಃ ಬಂದಿತು. ಹೀಗೆ ಒಂದೇ ತಾಯಿಯ ಮಕ್ಕಳಿಬ್ಬರು ಇಂಗ್ಲಿಷಿನಲ್ಲಿ ಪರಸ್ಪರ ಗುರುತಿಲ್ಲದೆ ಬಾಳುತ್ತಿದ್ದಾರೆ. ಹಿರಿಯನು ಹೊರಗಿನವರ ಮೇಲಿನ ರೇಗು, ಕಿರಿಯನು ಬದುಕಿನ ಮೇಲಿನ ಅರುಚಿ.

ಈ ಮೃದುವಾಗುವಿಕೆ ಎಂದು ನಡೆಯಿತೆಂಬುದನ್ನು 1670ರ ಎರಡು ಕೃತಿಗಳಿಂದ ಊಹಿಸಬಹುದು. ಆ ವರ್ಷ ರಾಸೀನನ ‘ಬೆರೆನೀಸ್’ ನಾಟಕ ರಂಗಕ್ಕೆ ಬಂದಿತು. ಅದೇ ವರ್ಷ, ತೀರಿಕೊಂಡು ಎಂಟು ವರ್ಷಗಳಾಗಿದ್ದ ಪಾಸ್ಕಲನ ‘ಪಾಂಸೇ’ ಅಚ್ಚಾಯಿತು. ರಾಸೀನನಲ್ಲಿ ಈ ಶಬ್ದಕ್ಕೆ ಇನ್ನೂ ಹಳೆಯ ಬಲವಿದೆ. ಪ್ರಿಯಳನ್ನು ಕಳೆದುಕೊಂಡವನ ಉರಿಯುವ ಸಂತಾಪವನ್ನು ಅದು ಸೂಚಿಸುತ್ತದೆ. ಪಾಸ್ಕಲನಲ್ಲಿಯಾದರೋ ಅದು ಆಧುನಿಕ ಅರ್ಥಕ್ಕೆ ಹೊರಳಿದೆ. ಮನುಷ್ಯನು ತನ್ನ ಕೋಣೆಯಲ್ಲಿ ಸುಮ್ಮನೆ ಕುಳಿತಿರಲಾರನೆಂದೂ, ಕುಳಿತರೆ ತನ್ನ ಟೊಳ್ಳು ತನಗೇ ಕಾಣುವುದೆಂದೂ, ಆ ಭಯದಿಂದಲೇ ಬೇಟೆ, ಜೂಜು, ಯುದ್ಧ, ಅಧಿಕಾರಗಳ ಹಿಂದೆ ಓಡುವನೆಂದೂ ಆತನ ಅಭಿಪ್ರಾಯ. ರಾಜನಾದರೂ ಸುತ್ತಲಿನ ವಿನೋದಗಳನ್ನು ತೆಗೆದುಬಿಟ್ಟರೆ ದುಃಖಿಯೇ ಎಂದು ಆತನು ತೋರಿಸುತ್ತಾನೆ. ಇಲ್ಲಿ ಪ್ರಿಯವಿಯೋಗವೂ ಇಲ್ಲ, ಅಪಮಾನವೂ ಇಲ್ಲ. ಎಲ್ಲವೂ ಇದ್ದು ಯಾವುದೂ ಸಾಲದೆಂಬ ಸ್ಥಿತಿ ಮಾತ್ರ ಇದೆ.

ಶಬ್ದ ಹೊಸದಾದರೂ ಭಾವವು ಅದಕ್ಕಿಂತ ಬಹಳ ಹಳೆಯದು. 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಕ್ರೈಸ್ತ ತಪಸ್ವಿಯು ಈಜಿಪ್ಟಿನ ಮರುಭೂಮಿಯಲ್ಲಿ ವಾಸಿಸುತ್ತಿದ್ದನು. ಏಕಾಂತದಲ್ಲಿ ಸಾಧನೆ ಮಾಡುವವರನ್ನು ಮಧ್ಯಾಹ್ನದ ವೇಳೆ ಕಾಡುವ ಒಂದು ಪಿಶಾಚಿಯನ್ನು ಆತನು ವರ್ಣಿಸಿದ್ದಾನೆ. ಅದು ಹಿಡಿದಾಗ ಸೂರ್ಯನು ನಿಂತಲ್ಲಿಯೇ ನಿಂತಂತೆ ತೋರುವನು; ದಿನಕ್ಕೆ ಐವತ್ತು ಗಳಿಗೆಗಳೇನೋ ಎನಿಸುವುದು; ಇದ್ದ ಜಾಗ, ಕೈಗೆಲಸ, ಜತೆಯವರು ಎಲ್ಲವೂ ಹೇಯವಾಗಿ ಕಾಣುವವು. ಗ್ರೀಕಿನಲ್ಲಿ ಇದಕ್ಕೆ ‘ಅಕೀಡಿಯಾ’ ಎಂದು ಹೆಸರು. ‘ಯಾವುದರ ಗೊಡವೆಯೂ ಇಲ್ಲದಿರುವಿಕೆ’ ಎಂದು ಅದರ ಅವಯವಾರ್ಥ. 5ನೆಯ ಶತಮಾನದಲ್ಲಿ ಕ್ಯಾಸಿಯನ್ ಎಂಬುವನು ಈ ವಿಚಾರವನ್ನು ಲ್ಯಾಟಿನ್ನಿಗೆ ತಂದನು. ಕಾಲಕ್ರಮದಲ್ಲಿ ಅದು ಮಹಾಪಾತಕಗಳ ಪಟ್ಟಿಯಲ್ಲಿ ಸೇರಿತು. ಇಂಗ್ಲಿಷಿನ ಆದಿಕವಿಯೆನಿಸಿದ ಚಾಸರನು ‘ಕ್ಯಾಂಟರ್ಬರಿ ಕಥೆ’ಗಳ ಕೊನೆಯಲ್ಲಿ ಪಾದ್ರಿಯ ಬಾಯಿಂದ ಅದನ್ನು ಖಂಡಿಸಿದ್ದಾನೆ. ಮುಂದೆ ಪಟ್ಟಿಯಲ್ಲಿ ಅದರ ಸ್ಥಾನಕ್ಕೆ ಬರಿಯ ‘ಆಲಸ್ಯ’ವೆಂಬರ್ಥದ ಶಬ್ದ ಬಂದುದರಿಂದ ಒಳಗಿನ ಸೂಕ್ಷ್ಮ ಮರೆಯಾಯಿತು. ಸೋಮಾರಿಯು ಸುಖವಾಗಿ ಮಲಗುತ್ತಾನೆ. ಅಕೀಡಿಯಾ ಹಿಡಿದವನಿಗೆ ಮಲಗಿದರೂ ಸುಖವಿಲ್ಲ. ಹಾಗೆ ತೆರವಾದ ಸ್ಥಳವನ್ನೇ ಶತಮಾನಗಳ ತರುವಾಯ ‘ಆನ್ವೀ’ ಬಂದು ಆಕ್ರಮಿಸಿತು. ಪಾಪವೆಂದು ಎಣಿಸಲ್ಪಟ್ಟಿದ್ದುದು ಅಷ್ಟರಲ್ಲಿ ದೊಡ್ಡ ಮನೆತನಗಳ ಲಕ್ಷಣವಾಗಿ ಮಾರ್ಪಟ್ಟಿತ್ತು.

ಇಂಗ್ಲಿಷರು ಈ ಭಾವಕ್ಕೆ ಬಹುಕಾಲ ‘ಸ್ಪ್ಲೀನ್’ ಎಂಬ ಹೆಸರನ್ನು ಬಳಸುತ್ತಿದ್ದರು. ‘ಸ್ಪ್ಲೀನ್’ ಎಂದರೆ ಹೊಟ್ಟೆಯೊಳಗಿನ ಪ್ಲೀಹ. ಮನಸ್ಸಿನ ಕಪ್ಪು ಆ ಅವಯವದಿಂದ ಏರಿಬರುವುದೆಂದು ಹಳೆಯ ವೈದ್ಯರ ನಂಬಿಕೆ. 1733ರಲ್ಲಿ ಜಾರ್ಜ್ ಚೇನಿ ಎಂಬ ವೈದ್ಯನು ಇಂಥ ನರದೌರ್ಬಲ್ಯಗಳನ್ನು ಕುರಿತು ಬರೆದ ಗ್ರಂಥಕ್ಕೆ ‘ಇಂಗ್ಲಿಷ್ ವ್ಯಾಧಿ’ ಎಂಬರ್ಥದ ಹೆಸರನ್ನೇ ಇಟ್ಟು, ದೇಶದ ಹವೆಯೂ ಸಂಪತ್ತೂ ಊಟೋಪಚಾರಗಳ ಅತಿಶಯವೂ ಅದಕ್ಕೆ ಕಾರಣವೆಂದನು. ಸ್ವಾರಸ್ಯವೇನೆಂದರೆ, ಇಂಗ್ಲಿಷರು ಫ್ರೆಂಚರಿಂದ ‘ಆನ್ವೀ’ಯನ್ನು ಎರವಲು ತಂದರು, ಫ್ರೆಂಚರು ಇಂಗ್ಲಿಷರಿಂದ ‘ಸ್ಪ್ಲೀನ್’ ಶಬ್ದವನ್ನು ಎರವಲು ತಂದರು. ತಮ್ಮ ಮನೆಯ ಕೊರತೆಯನ್ನು ನೆರೆಮನೆಯ ಹೆಸರಿನಿಂದ ಕರೆಯುವುದು ಉಭಯರಿಗೂ ಹಿತವಾಗಿ ಕಂಡಿರಬೇಕು. ಬೈರನ್ ಕವಿಯು 1823ರಲ್ಲಿ ಅಚ್ಚಾದ ‘ಡಾನ್ ಜುವಾನ್’ ಕಾವ್ಯದ ಹದಿಮೂರನೆಯ ಸರ್ಗದಲ್ಲಿ ಶ್ರೀಮಂತರ ಹಳ್ಳಿಮನೆಯ ವಿಲಾಸಗಳನ್ನು ಹಾಸ್ಯಮಾಡುತ್ತ, ಈ ಗಿಡದ ಬೇರು ಇಂಗ್ಲೆಂಡಿನ ಮಣ್ಣಿನಲ್ಲಿಯೇ ಇದ್ದರೂ ಅದಕ್ಕೆ ಆ ಭಾಷೆಯಲ್ಲಿ ಹೆಸರಿಲ್ಲವೆಂಬ ಭಾವವನ್ನು ವ್ಯಕ್ತಪಡಿಸಿದ್ದಾನೆ.

ಶಬ್ದದ ಪ್ರಯೋಗವನ್ನು ಅರಿಯಲು ಎಲ್ಲಕ್ಕಿಂತ ಉತ್ತಮ ಸಾಧನ ಮರಾಯಾ ಎಜ್ವರ್ತ್ ಎಂಬಾಕೆಯ ಕಾದಂಬರಿ. 1809ರಲ್ಲಿ ಪ್ರಕಟವಾದ ಈ ಕೃತಿಗೆ ‘ಆನ್ವೀ’ ಎಂದೇ ಹೆಸರು. ನಾಯಕನಾದ ಗ್ಲೆಂಥಾರ್ನ್ ಪ್ರಭುವಿಗೆ ಐರ್ಲೆಂಡಿನಲ್ಲಿ ದೊಡ್ಡ ಜಮೀನು, ವಾಸ ಇಂಗ್ಲೆಂಡಿನಲ್ಲಿ. ಗೇಣಿಯ ಹಣ ಕಾರಭಾರಿಗಳ ಕೈಯಿಂದ ಬರುತ್ತದೆ. ಖರ್ಚು ಮಾಡುವುದೊಂದೇ ಆತನ ಉದ್ಯೋಗ. ಜೂಜು, ಭೋಜನ, ಪ್ರವಾಸ ಎಲ್ಲವನ್ನೂ ಮಾಡಿ ಮುಗಿಸಿ, ಕೊಟ್ಟಾವಿ ಆಕಳಿಸುತ್ತ, ಬದುಕೇ ಬೇಡವೆನ್ನುವ ಸ್ಥಿತಿಗೆ ಬರುತ್ತಾನೆ. ಐರ್ಲೆಂಡಿಗೆ ಹೋದ ಮೇಲೆ, ತಾನು ನಿಜವಾದ ವಾರಸುದಾರನೇ ಅಲ್ಲವೆಂದೂ, ಹಾಲೂಡಿದ ದಾದಿಯೇ ತನ್ನ ಹೆತ್ತ ತಾಯಿಯೆಂದೂ, ತೊಟ್ಟಿಲಲ್ಲಿ ಶಿಶುಗಳು ಬದಲಾಗಿದ್ದವೆಂದೂ, ನಿಜವಾದ ಪ್ರಭು ಊರಿನ ಕಮ್ಮಾರನೆಂದೂ ತಿಳಿಯುತ್ತದೆ. ಆತನು ಆಸ್ತಿಯನ್ನು ಬಿಟ್ಟುಕೊಟ್ಟು, ಕಾನೂನು ಓದಿ, ವಕೀಲನಾಗಿ ಸ್ವಂತ ಸಂಪಾದನೆಯಿಂದ ಬಾಳಲು ತೊಡಗಿದಾಗ ರೋಗ ತಾನಾಗಿ ಬಿಟ್ಟುಹೋಗುತ್ತದೆ. ಕಥೆಯ ಕೊನೆಯಲ್ಲಿ ಆಸ್ತಿ ಪುನಃ ಆತನ ಕೈಸೇರುವುದು ಸ್ವಲ್ಪ ಕೃತಕವೆನಿಸಿದರೂ ಲೇಖಕಿಯ ನಿದಾನ ಮಾತ್ರ ನಿಷ್ಪಕ್ಷಪಾತವಾದುದು. ಪ್ರಭುವಿನ ಬೇಸರದ ಒಂದೊಂದು ದಿನಕ್ಕೂ ಬೆಲೆ ತೆರುತ್ತಿದ್ದವರು ಆತನು ಕಣ್ಣಿಂದ ಕಾಣದ ಒಕ್ಕಲುಗಳು ಎಂಬುದನ್ನು ಆಕೆ ಮರೆಯಗೊಡುವುದಿಲ್ಲ. ಅವರ ದಣಿವು ಒಂದು ಕಡೆ, ಇವನ ‘ಆನ್ವೀ’ ಇನ್ನೊಂದು ಕಡೆ. ಇವೆರಡಕ್ಕೂ ಒಂದೇ ಶಬ್ದವನ್ನು ಬಳಸಿದರೆ ಕಾದಂಬರಿಯ ನ್ಯಾಯವೇ ಕೆಡುತ್ತದೆ.

ಟೆನ್ನಿಸನ್ ಕವಿಯ ಎರಡು ಪ್ರಸಿದ್ಧ ಕವಿತೆಗಳನ್ನು ಇದರೊಡನೆ ಹೋಲಿಸಿದರೆ ಭೇದ ಇನ್ನೂ ಸ್ಪಷ್ಟವಾಗುತ್ತದೆ. ‘ಲೋಟಸ್ ಈಟರ್ಸ್’ (1832) ಕವಿತೆಯ ನಾವಿಕರು ಯುದ್ಧದಿಂದಲೂ ಸಮುದ್ರಯಾನದಿಂದಲೂ ಬಳಲಿದವರು. ಅವರು ಬೇಡುವುದು ವಿಶ್ರಾಂತಿ. ಅದು ಅತಿಯಾದ ಬೇಡಿಕೆಯೆನಿಸಿದರೂ ಅದರ ಹಿಂದೆ ಹುಟ್ಟುಹಾಕಿ ನೊಂದ ತೋಳುಗಳಿವೆ. ‘ಮೇರಿಯಾನಾ’ (1830) ಕವಿತೆಯ ಹೆಣ್ಣು ಬಾರದ ಇನಿಯನನ್ನು ಪಾಳುಮನೆಯಲ್ಲಿ ಕಾಯುತ್ತಿರುವವಳು; ಅವಳ ಬಾಯಲ್ಲಿ ಬಳಲಿಕೆಯ ಮಾತು ಮರಳಿ ಮರಳಿ ಬಂದರೂ ಕನ್ನಡದ ಕಾವ್ಯರಸಿಕರು ಅವಳನ್ನು ವಿರಹಿಣಿಯೆಂದು ಒಡನೆ ಗುರುತಿಸಬಲ್ಲರು. ನಾವಿಕರ ಬಳಲಿಕೆಯನ್ನು ನಿದ್ರೆ ಕಳೆಯುತ್ತದೆ. ಮೇರಿಯಾನಳ ಬಳಲಿಕೆಯನ್ನು ಒಬ್ಬನ ಬರವು ಕಳೆಯುತ್ತದೆ. ಗ್ಲೆಂಥಾರ್ನನಿಗೆ ನಿದ್ರೆಯಿಂದಲೂ ಪ್ರಯೋಜನವಿಲ್ಲ, ಯಾರ ಬರವಿನಿಂದಲೂ ಪ್ರಯೋಜನವಿಲ್ಲ. ಆದಕಾರಣ ಯಾವ ಬಳಲಿಕೆ ಏತರಿಂದ ಕಳೆಯುವುದೆಂದು ಕೇಳಿಕೊಳ್ಳುವುದೇ ಇಂಥ ಶಬ್ದಗಳ ಅರ್ಥನಿರ್ಣಯಕ್ಕೆ ನೇರವಾದ ದಾರಿ.

ಹಾಗಾದರೆ ‘ಆನ್ವೀ’ ಎಂಬುದು ಸಿರಿವಂತರ ಸೋಗು ಮಾತ್ರವೆಂದು ತಳ್ಳಿಹಾಕಬಹುದೇ? ಆಗದು. 1857ರಲ್ಲಿ ಫ್ರಾನ್ಸಿನಲ್ಲಿ ಪುಸ್ತಕರೂಪವಾಗಿ ಹೊರಬಂದ ಎರಡು ಕೃತಿಗಳು ಇದಕ್ಕೆ ಸಾಕ್ಷಿ: ಒಂದು ಫ್ಲೋಬೇರನ ‘ಮದಾಂ ಬೊವಾರಿ’, ಇನ್ನೊಂದು ಪಿ. ಲಂಕೇಶರು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದ ಬೋದಿಲೇರನ ಕವಿತೆಗಳು. ಎಮ್ಮಾ ಬೊವಾರಿ ಪ್ರಭುಕುಲದವಳಲ್ಲ. ಸಣ್ಣ ಊರಿನ ಸಾಮಾನ್ಯ ವೈದ್ಯನ ಹೆಂಡತಿ. ಕಾನ್ವೆಂಟಿನಲ್ಲಿ ಕಲಿತ ವಿದ್ಯೆ, ಓದಿದ ಕಾದಂಬರಿಗಳು, ಒಳಗಿನ ಉತ್ಸಾಹ ಇವಾವುದಕ್ಕೂ ಆ ಊರಿನಲ್ಲಿ ಎಡೆಯಿಲ್ಲ. ಅವಳ ತಪ್ಪುಗಳು ಅವಳವೇ. ಸಾಲದಲ್ಲಿ ಮುಳುಗಿ ಕೊನೆಗೆ ವಿಷ ತೆಗೆದುಕೊಳ್ಳುತ್ತಾಳೆ. ಆದರೆ ಅವಳ ಬೇಸರಕ್ಕೆ ಕಾರಣ ಹೆಚ್ಚಿದ ಭೋಗವಲ್ಲ. ಮನೆಯ ಕೆಲಸವೆಲ್ಲ ಕೈಯಲ್ಲಿದ್ದರೂ ತನ್ನದೆನ್ನುವ ಕೆಲಸ ಒಂದೂ ಇಲ್ಲದವರ ಬೇಸರ ಅದು. ಹೆಣ್ಣುಮಕ್ಕಳಿಗೆ ವಿದ್ಯೆಯನ್ನು ಕೊಡಿಸಿ ತರುವಾಯ ಆ ವಿದ್ಯೆಗೆ ಕೆಲಸ ಕೊಡದ ಮನೆಗಳಿಗೆ ಈ ಚಿತ್ರ ದೂರದ್ದೆಂದು ತೋರಬಾರದು. ಬೋದಿಲೇರನು ವಾಚಕರನ್ನು ಸಂಬೋಧಿಸುವ ಮೊದಲ ಕವಿತೆಯಲ್ಲಿ ಈ ಭಾವವನ್ನು ಎಲ್ಲ ದುರ್ಗುಣಗಳಿಗಿಂತಲೂ ಕುರೂಪವಾದುದೆಂದು ಮೂರ್ತಗೊಳಿಸಿ, ಅದು ಕವಿಗೂ ವಾಚಕನಿಗೂ ಸಮಾನವಾದುದೆಂದು ಸೂಚಿಸುತ್ತಾನೆ. ಗ್ಲೆಂಥಾರ್ನನನ್ನು ನೋಡಿ ನಗಬಹುದು. ಬೋದಿಲೇರನಲ್ಲಿ ನಗುವವನೂ ಸಿಕ್ಕಿಬೀಳುತ್ತಾನೆ.

ಇನ್ನು ಕನ್ನಡದ ವಿಚಾರ. ‘ದಣಿವು’ ಎಂಬ ಶಬ್ದ ಇಲ್ಲಿ ಸಲ್ಲದೆಂಬುದು ಮೇಲಿನದರಿಂದಲೇ ತಿಳಿಯುತ್ತದೆ. ದಣಿವಿಗೆ ದುಡಿಮೆಯ ಗೌರವವುಂಟು. ದಣಿದವನಿಗೆ ನೀರು ಕೊಟ್ಟು ನೆರಳು ತೋರಿಸುವುದು ಗೃಹಸ್ಥಧರ್ಮ. ಆ ಗೌರವವನ್ನು ದುಡಿಯದವನಿಗೆ ಹೊದಿಸಿದರೆ ಶಬ್ದಕ್ಕೂ ಅನ್ಯಾಯ, ದುಡಿದವನಿಗೂ ಅನ್ಯಾಯ. ‘ನಿರ್ವೇದ’ದ ಆಕರ್ಷಣೆ ಇದಕ್ಕಿಂತ ಹೆಚ್ಚು ಮೋಸದ್ದು. ಭರತನು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿರುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ನಿರ್ವೇದವೇ ಮೊದಲನೆಯದು. ಗ್ಲಾನಿ, ಶ್ರಮ, ಆಲಸ್ಯ, ಜಡತೆ, ವಿಷಾದಗಳೂ ಆ ಪಟ್ಟಿಯಲ್ಲಿವೆ. ಒಂದೊಂದಕ್ಕೂ ಆತನು ವಿಭಾವಗಳನ್ನು, ಎಂದರೆ ಕಾರಣಗಳನ್ನು, ಬೇರೆ ಬೇರೆಯಾಗಿ ಹೇಳಿರುವುದು ಗಮನಾರ್ಹ. ಶ್ರಮವು ದಾರಿ ನಡೆದುದರಿಂದಲೂ ವ್ಯಾಯಾಮದಿಂದಲೂ ಹುಟ್ಟುತ್ತದೆ. ಗ್ಲಾನಿಯು ರೋಗ, ಉಪವಾಸ, ನಿದ್ರಾಭಂಗ ಮೊದಲಾದವುಗಳಿಂದ ಹುಟ್ಟುತ್ತದೆ. ನಿರ್ವೇದವು ದಾರಿದ್ರ್ಯ, ಅವಮಾನ, ಇಷ್ಟಜನವಿಯೋಗಗಳಿಂದ ಇಲ್ಲವೆ ತತ್ತ್ವಜ್ಞಾನದಿಂದ ಹುಟ್ಟುತ್ತದೆ. ಮಮ್ಮಟನು ನಿರ್ವೇದವನ್ನು ಶಾಂತರಸಕ್ಕೆ ಸ್ಥಾಯಿಯೆಂದು ಹೇಳಿರುವುದು ಈ ತತ್ತ್ವಜ್ಞಾನದ ಬಲದಿಂದಲೇ. ಗ್ಲೆಂಥಾರ್ನನಿಗೆ ದಾರಿದ್ರ್ಯವಿಲ್ಲ, ತತ್ತ್ವಜ್ಞಾನವಂತೂ ಮೊದಲೇ ಇಲ್ಲ. ಆತನ ಅರುಚಿಯನ್ನು ನಿರ್ವೇದವೆಂದರೆ ಅಜೀರ್ಣವನ್ನು ಉಪವಾಸವ್ರತವೆಂದು ಕರೆದಂತಾಗುತ್ತದೆ. ಭರತನ ಪಟ್ಟಿಯಲ್ಲಿ ಈ ಭಾವಕ್ಕೆ ಸಮೀಪವಾದುದು ಆಲಸ್ಯವೇ ಹೊರತು ನಿರ್ವೇದವಲ್ಲ. ಆಲಸ್ಯದ ಕಾರಣಗಳಲ್ಲಿ ಆತನು ‘ಸೌಹಿತ್ಯ’ವನ್ನು, ಎಂದರೆ ಹೊಟ್ಟೆತುಂಬಿದ ತೃಪ್ತಿಯನ್ನು, ಸೇರಿಸಿದ್ದಾನೆ. ಆದರೂ ಆಲಸ್ಯದಲ್ಲಿ ಒಳಗಿನ ತಳಮಳವಿಲ್ಲದಿರುವುದರಿಂದ ಅದೂ ಪೂರ್ಣವಾಗಿ ಒಪ್ಪುವುದಿಲ್ಲ.

ಉಳಿದದ್ದು ‘ಬೇಸರ’. ಇದು ಹಳಗನ್ನಡದ ‘ಬೇಸಱು’ ಎಂಬ ಧಾತುವಿಗೆ ಸೇರಿದ ಅಚ್ಚ ದ್ರಾವಿಡ ಶಬ್ದ. ‘ಬೇಸತ್ತು’ ಎಂಬ ರೂಪ ಇದರಿಂದಲೇ ಬಂದುದು. ತೆಲುಗಿನ ‘ವೇಸರು’ ಇದರ ಸೋದರ. ‘ಬೇಜಾರು’ ಎಂಬುದು ಕಿವಿಗೆ ಇದರ ಅಪಭ್ರಂಶದಂತೆ ಕೇಳಿಸಿದರೂ ಬೇರೆ ವಂಶದ್ದು. ಪಾರಸಿಯಿಂದ ಉರ್ದು, ಮರಾಠಿಗಳ ಮೂಲಕ ಬಂದು ಇದರ ಮಗ್ಗುಲಲ್ಲಿ ಕುಳಿತಿದೆ. ಇಂದಿನ ಆಡುಮಾತಿನಲ್ಲಿ ಇಂಗ್ಲಿಷಿನ ‘ಬೋರು’ ಕೂಡ ಮೂರನೆಯದಾಗಿ ಸೇರಿಕೊಂಡಿದೆ. ‘ಬೇಸರ’ದ ಪ್ರಯೋಗಗಳನ್ನು ಲಕ್ಷ್ಯವಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ‘ತಡವಾಯಿತೆಂದು ಬೇಸರಪಟ್ಟುಕೊಳ್ಳಬೇಡಿ’ ಎಂಬಲ್ಲಿ ಅದರ ಅರ್ಥ ರೇಗು, ಇಂಗ್ಲಿಷಿನ ‘ಅನಾಯ್’. ‘ಬೇಸರ ಕಳೆಯಲು ಪಗಡೆಯಾಡಿದರು’ ಎಂಬಲ್ಲಿ ಅದರ ಅರ್ಥ ಹೊತ್ತುಹೋಗದಿರುವಿಕೆ. ‘ಸಂಸಾರವೇ ಬೇಸರವಾಗಿದೆ’ ಎಂಬಲ್ಲಿ ಅದು ಪಾಸ್ಕಲನ ಕೋಣೆಯವರೆಗೂ ಇಳಿದಿದೆ. ಇಂಗ್ಲಿಷಿನಲ್ಲಿ ಎರಡಾಗಿ ಒಡೆದು ಪರಸ್ಪರ ಮರೆತುಹೋದ ಅರ್ಥಗಳನ್ನು ಕನ್ನಡವು ಒಂದೇ ಶಬ್ದದಲ್ಲಿ ಇನ್ನೂ ಕೂಡಿಸಿಟ್ಟುಕೊಂಡಿದೆ. ಹೊರಗಿನವರ ಮೇಲಿನ ರೇಗಿಗೂ ಬದುಕಿನ ಮೇಲಿನ ಅರುಚಿಗೂ ಬೇರೊಂದೇ ಎಂಬ ತಿಳಿವಳಿಕೆ ಆ ಶಬ್ದದಲ್ಲಿ ಅಡಗಿದೆ.

‘ಬೇಸರ’ವು ತೀರ ಸಾಮಾನ್ಯವಾದ ಮಾತು, ಬೋದಿಲೇರನಂಥ ಕವಿಯ ಗಾಂಭೀರ್ಯಕ್ಕೆ ಸಾಲದು ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಕ್ಕೆ ಕಾರಣ, ಫ್ರೆಂಚ್ ಶಬ್ದವನ್ನು ಇಂಗ್ಲಿಷಿನ ಕನ್ನಡಕದಿಂದ ನೋಡುವುದು. ಇಂಗ್ಲಿಷಿನಲ್ಲಿ ‘ಆನ್ವೀ’ ಒಂದು ಆಭರಣ. ಉಚ್ಚಾರಣೆಯಲ್ಲಿಯೂ ಪರದೇಶದ ಗತ್ತನ್ನು ಬಿಟ್ಟಿಲ್ಲ, ಕ್ರಿಯಾಪದವಾಗಿ ಅಲ್ಲಿ ಬೇರೂರಿಲ್ಲ. ಫ್ರೆಂಚಿನಲ್ಲಿ ಅದು ಶಾಲೆಯ ಹುಡುಗನೂ ಆಡುವ ಮಾತು. ಬೋದಿಲೇರನ ಶಕ್ತಿಯಿರುವುದು ಈ ಮನೆಮಾತನ್ನೇ ಎತ್ತಿ ರಾಕ್ಷಸನನ್ನಾಗಿ ನಿಲ್ಲಿಸಿದುದರಲ್ಲಿ. ಕನ್ನಡದಲ್ಲಿ ಆ ಸ್ಥಳದಲ್ಲಿ ಸಂಸ್ಕೃತದ ದೊಡ್ಡ ಶಬ್ದವನ್ನು ತಂದಿಟ್ಟರೆ ರಾಕ್ಷಸನು ದೂರ ಸರಿದು ನಿಲ್ಲುತ್ತಾನೆ. ವಾಚಕನಿಗೆ ಅವನು ತನ್ನ ಮನೆಯವನೇ ಎಂಬ ಬೆಚ್ಚು ಹುಟ್ಟುವುದಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ (1926) ಸಂಗ್ರಹದಲ್ಲಿ ಪರದೇಶದ ಭಾವವನ್ನು ಕನ್ನಡದ ಉಸಿರಿನಲ್ಲಿಯೇ ಆಡಿಸಬಹುದೆಂದು ತೋರಿಸಿಕೊಟ್ಟರಷ್ಟೆ; ಆ ಪಾಠ ಇಲ್ಲಿಯೂ ಅನ್ವಯಿಸುತ್ತದೆ.

ಆದುದರಿಂದ ಮೂಲ ಯಾವುದೆಂಬುದನ್ನು ನೋಡಿ ನಿರ್ಣಯಿಸುವುದು ಯುಕ್ತ. ಫ್ರೆಂಚಿನಿಂದ ತರುವಾಗ ‘ಬೇಸರ’ವೆನ್ನುವುದೇ ಸರಿ, ಅದರ ಆಳವನ್ನು ಸುತ್ತಲಿನ ವಾಕ್ಯಗಳು ಕಾಣಿಸಬೇಕು. ಎಜ್ವರ್ತ್, ಬೈರನ್ ಮೊದಲಾದವರ ಇಂಗ್ಲಿಷಿನಿಂದ ತರುವಾಗ, ಪರದೇಶದ ಶಬ್ದವನ್ನು ಧರಿಸಿಕೊಂಡು ಮೆರೆಯುವ ಸೋಗೇ ಹಾಸ್ಯಕ್ಕೆ ವಸ್ತುವಾಗಿರುವೆಡೆಯಲ್ಲಿ ‘ಆನ್ವೀ’ಯನ್ನು ಹಾಗೆಯೇ ಉಳಿಸಿ, ಉಳಿದೆಡೆ ‘ಬೇಸರ’ವನ್ನು ಬಳಸಬಹುದು. ಹೊಸ ಶಬ್ದವನ್ನು ಟಂಕಿಸುವ ಅಗತ್ಯ ಕಾಣುವುದಿಲ್ಲ. ದಣಿವನ್ನು ದುಡಿದವರಿಗೆ, ನಿರ್ವೇದವನ್ನು ನೊಂದವರಿಗೂ ತಿಳಿದವರಿಗೂ ಬಿಟ್ಟುಕೊಟ್ಟು, ‘ಆನ್ವೀ’ಗೆ ಬೇಸರವನ್ನು ನಿಯಮಿಸಿದರೆ ಮೂರು ಶಬ್ದಗಳೂ ತಮ್ಮ ತಮ್ಮ ಸ್ಥಾನದಲ್ಲಿ ಉಳಿಯುತ್ತವೆ, ಗ್ಲೆಂಥಾರ್ನ್ ಪ್ರಭುವನ್ನೂ ಆತನ ಒಕ್ಕಲುಗಳನ್ನೂ ಕನ್ನಡದ ವಾಚಕರು ಒಂದೇ ತಕ್ಕಡಿಯಲ್ಲಿ ತೂಗುವ ಪ್ರಮೇಯ ಬರುವುದಿಲ್ಲ.